ಸಿಮೆಂಟಿನ ಸಾಕ್ಷಿ
(ಯೆರವಡಾದ ಕಟ್ಟಡ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಗೌಂಡಿಗಳಲ್ಲ. ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಗಳಾಗಿ ದುಡಿದು, ಆಮೇಲೆ ಸಂಘದ ಕೆಲಸಕ್ಕೆ ಬಂದವರು. ಸಿಮೆಂಟಿನ ಮಾತು ನಮಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ.

2022ರ ಫೆಬ್ರವರಿ 3ರ ರಾತ್ರಿ ಇದೇ ಯೆರವಡಾದ ಶಾಸ್ತ್ರಿನಗರದಲ್ಲಿ, ಕಟ್ಟುತ್ತಿದ್ದ ಕಟ್ಟಡದ ಕಬ್ಬಿಣದ ಜಾಲರಿ ಕುಸಿದು, ಬಿಹಾರದಿಂದ ದುಡಿಯಲು ಬಂದ ಐದು ಮಂದಿ ಸತ್ತರು. ಅಂದು ಬಿದ್ದದ್ದು ಕಬ್ಬಿಣ. ನಾಳೆ ಕಾಂಕ್ರೀಟು ಬಿರುಕುಬಿಟ್ಟರೆ ಮೊದಲು ಏಳುವ ಮಾತು ಯಾವುದು? "ಮಾಲು ಕಲಸಿದವನದೇ ತಪ್ಪು!" ಆಗ ಬಡವನ ಪರ ಸಾಕ್ಷಿ ನುಡಿಯುವವರು ಯಾರು? ಆ ಸಿಮೆಂಟೇ ನುಡಿಯಬೇಕು. ಆದರೆ ಸಾಕ್ಷಿ ಕೆಡದಂತೆ ಕಾಯಬೇಕು.

ಹೋಟೆಲಿನಲ್ಲಿ ಇನ್‌ಸ್ಪೆಕ್ಟರು ಹಾಲಿನ ಮಾದರಿ ತೆಗೆದರೆ ಸೀಸೆಗೆ ಫಾರ್ಮಲಿನ್ ಹನಿ ಹಾಕುತ್ತಾರೆ. ಹಾಕದಿದ್ದರೆ ದಾರಿಯಲ್ಲೇ ಹಾಲು ಹುಳಿಯುತ್ತದೆ; ತೆಗೆದಾಗ ಹೇಗಿತ್ತೆಂದು ಆಮೇಲೆ ತಿಳಿಯದು.

ಸಿಮೆಂಟೂ ಹಾಗೆಯೇ. ಅದು ಒಣಗಿ ಗಟ್ಟಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. ನೀರಿನೊಡನೆ ಕೂಡಿಯೇ ಅದು ಗಟ್ಟಿಯಾಗುವುದು. ಕಲ್ಲಿನಂತಾದ ಮೇಲೂ ಒಳಗೆ ತೇವವಿರುವ ತನಕ ಆ ಕ್ರಿಯೆ ತಿಂಗಳುಗಟ್ಟಲೆ ನಡೆಯುತ್ತದೆ. ಏಳನೆಯ ದಿನ ತೆಗೆದ ತುಂಡನ್ನು ಹಾಗೆಯೇ ಇಟ್ಟು ತಿಂಗಳಾದ ಮೇಲೆ ನೋಡಿದರೆ, ಅದು ಹೇಳುವುದು ಏಳನೆಯ ದಿನದ ಕಥೆಯಲ್ಲ.

ಆದ್ದರಿಂದ ಸಿಮೆಂಟಿನ ಒಳರಚನೆ ನೋಡುವ ಪ್ರಯೋಗಾಲಯದಲ್ಲಿ ಮೊದಲು ಆ ಕ್ರಿಯೆಯನ್ನು ನಿಲ್ಲಿಸುತ್ತಾರೆ. ಸೂಕ್ಷ್ಮದರ್ಶಕಕ್ಕಾದರೆ ಸುಮಾರು 3 ಮಿಲಿಮೀಟರ್ ದಪ್ಪದ ಬಿಲ್ಲೆ ಕೊಯ್ದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಏಳು ದಿನ ಮುಳುಗಿಸಿಡುತ್ತಾರೆ. ಪುಡಿ ಮಾಡಿ ನೋಡುವ ಪರೀಕ್ಷೆಗಾದರೆ ಕಾಲು ಗಂಟೆ ಸಾಕು. ಆಲ್ಕೊಹಾಲು ಒಳಗಿನ ನೀರನ್ನು ಹೊರಡಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ಆಮೇಲೆ ಸುಮಾರು 40 ಡಿಗ್ರಿಯ ಸಣ್ಣ ಶಾಖದಲ್ಲಿ ಆರಿಸುತ್ತಾರೆ. ಅವಸರಪಟ್ಟು 105 ಡಿಗ್ರಿಗೆ ಕಾಯಿಸಿದರೆ ಹರಳುಗಳೊಳಗಿನ ನೀರೂ ಹಾರಿ ರಚನೆಯೇ ಕೆಡುತ್ತದೆ. ಗಾಳಿಗೆ ಬಿಟ್ಟರೆ ಇಂಗಾಲಾಮ್ಲ ವಾಯು ಹಿಡಿಯುತ್ತದೆ. ಅದಕ್ಕೇ ಭದ್ರವಾಗಿ ಮುಚ್ಚಿಡುತ್ತಾರೆ.

28ನೆಯ ದಿನ ಒತ್ತಿ ಒಡೆದು ಬಲ ನೋಡುವ ಘನಗಳ ಮಾತು ಬೇರೆ. ಅವು ಆ ದಿನದವರೆಗೂ ನೀರಿನಲ್ಲೇ ಇರಬೇಕು.

ಈಗ ವಿಪರೀತ ನೋಡಿ. ಪ್ರಯೋಗಾಲಯದವರು ಇಷ್ಟು ಕಷ್ಟಪಟ್ಟು ನಿಲ್ಲಿಸುವುದನ್ನು, ಕೆಲಸದ ಜಾಗದಲ್ಲಿ ನೀರಿನ ಟ್ಯಾಂಕರು ತರಿಸದೆ ಪುಕ್ಕಟೆಯಾಗಿ ನಿಲ್ಲಿಸುವ ಗುತ್ತಿಗೆದಾರರಿದ್ದಾರೆ! 2000ದ ಭಾರತೀಯ ಮಾನಕ 456ರ ಪ್ರಕಾರ ಕಾಂಕ್ರೀಟನ್ನು ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ ಅಥವಾ ಒಣ ಬಿಸಿಲಾದರೆ ಕನಿಷ್ಠ 10 ದಿನ ತೇವವಾಗಿಡಬೇಕು. ಮೂರೇ ದಿನಕ್ಕೆ ನೀರು ನಿಲ್ಲಿಸಿ ಕಾಂಕ್ರೀಟು ಒಣಗಿದರೆ ಬಲವೂ ಕುಗ್ಗುತ್ತದೆ. ಅದು ಕಲಸಿದವನ ತಪ್ಪೇ?

ನಮ್ಮ ಬೇಡಿಕೆ ಇಷ್ಟೆ. ನೀರು ಹೊಡೆದ ದಿನಗಳನ್ನು ನೀವೇ ಬರೆದಿಡಿ. ಮಾದರಿ ತೆಗೆಯುವಾಗ ಕೆಲಸಗಾರರಲ್ಲೊಬ್ಬ ಎದುರಿಗಿರಲಿ. ಸುರಿದ ದಿನ, ತೆಗೆದ ದಿನ, ಕ್ರಿಯೆ ನಿಲ್ಲಿಸಿದ ದಿನ, ಮೂರೂ ಚೀಟಿಯ ಮೇಲೆ ಬರಲಿ. ಅಕ್ಷರ ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ. ಸಂಘಕ್ಕೆ ಬಂದರೆ ನಾವೂ ಬರೆದುಕೊಡುತ್ತೇವೆ. ಬರೆದಿಡದ ದಿನ ಬಡವನ ಲೆಕ್ಕಕ್ಕೆ ಬರುವುದಿಲ್ಲ.