ಬರೀ ಗ್ಯಾಸ್ಟ್ರಿಕ್ಕು



ಸಂಘದ ಕಾರ್ಯದರ್ಶಿಗಳು ನನಗೆ ‘ಹೃದಯ’ ಎಂದಷ್ಟೇ ವಿಷಯ ಕೊಟ್ಟರು. ಹೋದ ತಿಂಗಳು ಇದೇ ವೇದಿಕೆಯಲ್ಲಿ ಭಾವಗೀತೆಗಳ ಬಗ್ಗೆ ಮಾತಾಡಿದವರೂ ಈ ಪದವನ್ನು ಹತ್ತಿಪ್ಪತ್ತು ಸಲ ಬಳಸಿದರಂತೆ. ಅವರ ಹೃದಯ ಕರಗುತ್ತದೆ, ಒಡೆಯುತ್ತದೆ, ಹಾಡುತ್ತದೆ. ನನ್ನದು ಮುಷ್ಟಿಗಾತ್ರದ, ಮುನ್ನೂರು ಗ್ರಾಮಿನಷ್ಟು ತೂಗುವ ಒಂದು ಪಂಪು. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ, ದಿನಕ್ಕೆ ಲಕ್ಷ ಸಲ ಬಡಿಯುತ್ತದೆ, ರಜೆ ಕೇಳುವುದಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಬಹಳ ವರ್ಷ ಕೂತವನು ನಾನು. ಒಮ್ಮೆ ಅಡಿಕೆ ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಎಂಟಕ್ಕೆ ಒಬ್ಬರು ನಡೆದುಕೊಂಡೇ ಒಳಗೆ ಬಂದರು. ಐವತ್ತರ ಆಸುಪಾಸು. “ಬರೀ ಗ್ಯಾಸ್ಟ್ರಿಕ್ಕು ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಟುಬಿಡಿ, ಅಡಿಕೆ ಕೊಯ್ಯೋ ಕೊನೆಗೌಡ ಬರೋ ಹೊತ್ತಾಯ್ತು” ಎಂದರು. ಅಂಗಿ ಬೆವರಿನಿಂದ ಒದ್ದೆ. ಕೇಳಿದರೆ, ರಾತ್ರಿ ಎರಡಕ್ಕೇ ಎದೆ ಬಿಗಿದಿತ್ತು. ಮನೆಯಲ್ಲಿ ಓಮದ ಕಷಾಯ ಆಯಿತು, ಸೋಡಾ ಆಯಿತು, ಬೆನ್ನು ನೀವಿದ್ದೂ ಆಯಿತು. ತೇಗು ಬಂದಾಗ ಎಲ್ಲರಿಗೂ ಸಮಾಧಾನ. ಇಸಿಜಿ ತೆಗೆದರೆ ದೊಡ್ಡ ಹೃದಯಾಘಾತ. ಆರು ಗಂಟೆ ಕಳೆದಿತ್ತು. ಪುಣ್ಯಕ್ಕೆ ಬದುಕಿದರು. ಆದರೆ ಮನೆಯಿಂದ ತೋಟಕ್ಕೆ ಇಳಿದರೆ ಮತ್ತೆ ಹತ್ತಲಾರದಷ್ಟು ಹೃದಯ ಸೋತಿತ್ತು.

ಅವರನ್ನು ದಡ್ಡರೆನ್ನಲಾರೆ. ನಮ್ಮ ದೇಹ ಕಟ್ಟಿರುವ ಬಗೆಯೇ ಹಾಗಿದೆ. ಹೃದಯದ ಕೆಳಗೋಡೆ ವಪೆಯ ಮೇಲೆ ಕೂತಿದೆ; ವಪೆಯ ಕೆಳಗೇ ಜಠರ. ಎರಡರ ನೋವನ್ನೂ ಹೊರುವ ನರಗಳು ಬೆನ್ನುಹುರಿಯಲ್ಲಿ ಹೆಚ್ಚುಕಡಿಮೆ ಒಂದೇ ಮನೆಗೆ ಬಂದು ಸೇರುತ್ತವೆ. ಚೀಟಿ ಬಂತು, ಕಳಿಸಿದವರ್‍ಯಾರು ಎಂದು ಮೆದುಳಿಗೆ ತಿಳಿಯುವುದಿಲ್ಲ. ಹಾಗಾಗಿ ಹೃದಯದ ನೋವು ಹೊಟ್ಟೆಯ ಮೇಲ್ಭಾಗದಲ್ಲಿ, ದವಡೆಯಲ್ಲಿ, ಎಡಗೈಯಲ್ಲಿ, ಬೆನ್ನಲ್ಲಿ ಕಾಣಿಸೀತು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಕರಿಕೆಯಾಗಿಯೂ ಬಂದೀತು. ಒಬ್ಬ ಅಮ್ಮನಿಗೆ ನಾನೇ ಹುಳಿತೇಗಿನ ಮಾತ್ರೆ ಬರೆದು ಕಳಿಸಿದ್ದೆ. ಸಂಜೆ ಅವರನ್ನು ಎತ್ತಿಕೊಂಡು ಬಂದರು. ಗ್ಯಾಸ್ಟ್ರಿಕ್ಕು ಎಂದು ತಪ್ಪು ಹೆಸರಿಡುವುದರಲ್ಲಿ ರೋಗಿ ಒಬ್ಬನೇ ಅಲ್ಲ, ನಾವೂ ಇದ್ದೇವೆ.

ಮೈತುಂಬ ರಕ್ತ ಹಂಚುವ ಹೃದಯ ತನ್ನ ಒಳಗೆ ತುಂಬಿದ ರಕ್ತದಿಂದ ತಾನು ಕುಡಿಯುವುದು ಇಲ್ಲವೆಂಬಷ್ಟು ಕಡಿಮೆ. ಶರಾವತಿಯ ವಿದ್ಯುತ್ತಿಗಾಗಿ ಊರು ಬಿಟ್ಟವರ ಮನೆಗೇ ಎಷ್ಟೋ ಕಾಲ ಕರೆಂಟು ಬರಲಿಲ್ಲವಲ್ಲ, ಹಾಗೆ. ಹೃದಯಕ್ಕೆ ಬೇಕಾದ್ದು ಅದರ ಹೊರಮೈಮೇಲೆ ಹರಿದ ಕರೋನರಿ ಎಂಬ ಸಣ್ಣ ರಕ್ತನಾಳಗಳಿಂದ ಬರಬೇಕು. ಅಗಲ ಮೂರು-ನಾಲ್ಕು ಮಿಲಿಮೀಟರ್. ಅವುಗಳ ಗೋಡೆಯೊಳಗೆ ವರ್ಷಗಟ್ಟಲೆ ಕೊಬ್ಬು ಕೂರುತ್ತದೆ. ನಾವೆಲ್ಲ ಇದನ್ನು ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ಅಂದುಕೊಳ್ಳುತ್ತೇವೆ: ಮೆಲ್ಲಗೆ ಕಟ್ಟುತ್ತಾ ಒಂದು ದಿನ ಪೂರ್ತಿ ಮುಚ್ಚುತ್ತದೆ ಎಂದು. ಬಹಳ ಸಲ ಹಾಗಾಗುವುದಿಲ್ಲ. ನಾಳವನ್ನು ಅರ್ಧವೂ ಮುಚ್ಚದ ಒಂದು ಕೊಬ್ಬಿನ ಗುಳ್ಳೆ ಇದ್ದಕ್ಕಿದ್ದಂತೆ ಒಡೆಯುತ್ತದೆ. ಗಾಯವಾಯಿತೆಂದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಬೆರಳು ಕೊಯ್ದಾಗ ಕಾಪಾಡುವ ಅದೇ ಗುಣ ಇಲ್ಲಿ ನಿಮಿಷಗಳಲ್ಲಿ ದಾರಿ ಮುಚ್ಚಿಬಿಡುತ್ತದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗ ನಾಡೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ಗಟ್ಟಿಮುಟ್ಟಾದವರಿಗೇ ಹೀಗಾದರೆ ನಮ್ಮ ಗತಿ? ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಯ ಸಾಲು ಬೆಳೆಯಿತು. ಭಯ ಸಹಜ. ಆದರೆ ಇಸಿಜಿ ಹೇಳುವುದು ಆ ಗಳಿಗೆಯ ಸುದ್ದಿಯನ್ನು. “ನಿನ್ನೆ ತಾನೇ ನಾರ್ಮಲ್ ಅಂದಿದ್ರು” ಎಂಬ ದುಃಖದ ಮಾತು ಸುಳ್ಳಲ್ಲ, ಆ ಗುಳ್ಳೆ ನಿನ್ನೆ ಒಡೆದಿರಲಿಲ್ಲ, ಅಷ್ಟೆ.

ಒಡೆದ ಮೇಲೆ ಲೆಕ್ಕ ಗಡಿಯಾರದ್ದು. ಅರ್ಧ ಗಂಟೆಯಲ್ಲಿ ಮಾಂಸ ಸಾಯಲು ಶುರುವಾಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಮೂರು ಗಂಟೆಯಲ್ಲಿ ಹೆಚ್ಚು ಉಪಕಾರಿ. ಹನ್ನೆರಡು ಗಂಟೆ ದಾಟಿದರೆ ಕೊಟ್ಟೂ ಪ್ರಯೋಜನ ಕಾಣೆ. ಪುನೀತ್ ಹೆಸರಿನಲ್ಲೇ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದರೆ ದೂರದ ತಜ್ಞರು ನೋಡುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನನ್ನ ಕಾಲದಲ್ಲಿ ಇದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಓಮದ ಕಷಾಯ ಕುದಿಯುತ್ತಾ ಕಳೆದುಹೋದ ಹೊತ್ತನ್ನು ಯಾವ ಯೋಜನೆಯೂ ಮರಳಿ ಕೊಡಲಾರದು. ಎದೆ ಹಿಂಡಿದ ಹಾಗಾಗಿ ಬೆವರು ಕಿತ್ತುಕೊಂಡು ಬಂದರೆ ಬೈಕ್ ಹತ್ತಬೇಡಿ, 108ಕ್ಕೆ ಫೋನ್ ಮಾಡಿ. ಇಸಿಜಿ ತೆಗೆದು ಕೊನೆಗೆ ಗ್ಯಾಸೇ ಎಂದು ತಿಳಿದರೆ ನಗುತ್ತಾ ಮನೆಗೆ ಬನ್ನಿ.

ಮಾತು ತೊದಲಿ ಬಾಯಿ ಒಂದು ಕಡೆ ಸೊಟ್ಟಗಾದರೂ ಇದೇ ಅವಸರ. ಲಕ್ವಕ್ಕೆ ನಾಟಿಮದ್ದು ಹುಡುಕಿಕೊಂಡು ಹೊರಡುತ್ತಾರೆ. ಮೆದುಳಿನ ಹೆಪ್ಪು ಕರಗಿಸಲು ಇರುವುದು ನಾಲ್ಕೂವರೆ ಗಂಟೆ.

ಇನ್ನು ತಡೆಯುವ ವಿಚಾರ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯಕೀಯ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ತಂಡ 52 ದೇಶಗಳಲ್ಲಿ ನಡೆಸಿದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟನ್ನು ಒಂಬತ್ತೇ ಕಾರಣಗಳು ವಿವರಿಸುತ್ತವೆ ಎಂದು ಅದು ತೋರಿಸಿತು. ಹೊಗೆಬತ್ತಿ, ಕೊಲೆಸ್ಟ್ರಾಲ್, ರಕ್ತದೊತ್ತಡ, ಸಕ್ಕರೆ, ಹೊಟ್ಟೆಯ ಬೊಜ್ಜು ಅದರಲ್ಲಿ ಮುಖ್ಯವಾದವು. ನಮ್ಮ ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂಬುದೂ ಅದರಿಂದ ಗೊತ್ತಾಯಿತು.

ಎಲ್ಲವನ್ನೂ ವಿವರಿಸುತ್ತಾ ಕೂರುವುದಿಲ್ಲ. ಬಿಪಿಯೊಂದನ್ನು ಹೇಳುತ್ತೇನೆ, ಅದು ಬಾಯಿಬಿಡದ ರೋಗ. “ನನಗೆ ತಲೆ ತಿರುಗಲ್ಲ, ಹಾಗಾಗಿ ಬಿಪಿ ಇಲ್ಲ” ಎನ್ನುವವರಿದ್ದಾರೆ. 180 ಇಟ್ಟುಕೊಂಡು ಮದುವೆಮನೆಯಲ್ಲಿ ಬಡಿಸಿದವರನ್ನು ನೋಡಿದ್ದೇನೆ. ಮಾತ್ರೆ ತಗೊಂಡು 130ಕ್ಕೆ ಇಳಿದರೆ ‘ವಾಸಿಯಾಯ್ತು’ ಎಂದು ನಿಲ್ಲಿಸುತ್ತಾರೆ. ಕೊಡೆ ಹಿಡಿದದ್ದಕ್ಕೆ ನೆನೆಯಲಿಲ್ಲ, ಮಳೆ ನಿಂತಿಲ್ಲ ಸ್ವಾಮಿ! ಉಪ್ಪು ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿಗೆ ಹಾಕುವುದಷ್ಟೇ ಲೆಕ್ಕವಲ್ಲ. ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಮಜ್ಜಿಗೆಗೆ ಉದುರಿಸುವ ಚಿಟಿಕೆ ಎಲ್ಲವೂ ಸೇರಿ. ಮಿಡಿ ಬಿಡಿ ಎಂದರೆ ಮಲೆನಾಡಿನಲ್ಲಿ ನನ್ನನ್ನು ಮತ್ತೆ ಯಾರೂ ಕರೆಯಲಿಕ್ಕಿಲ್ಲ. ಎರಡು ಹೊತ್ತಿನ ಊಟದಲ್ಲಿ ಒಂದು ಹೊತ್ತಿಗೆ ಇರಲಿ ಎಂದು ರಾಜಿಯಾಗಿದ್ದೇನೆ. ಎಲೆಯಡಿಕೆಗೆ ಸೇರಿಸುವ ಹೊಗೆಸೊಪ್ಪಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ.

ಬಿಪಿ ನೋಡುವ ಯಂತ್ರ ತಂದಿದ್ದೇನೆ. ಹಿಂದೆ ಕಾಫಿ ಇಟ್ಟಿದ್ದಾರೆಂದು ಕೇಳಿದೆ. ಕುಡಿದರೆ ಅರ್ಧ ಗಂಟೆ ಕಾಯಬೇಕಾಗುತ್ತದೆ, ಆದ್ದರಿಂದ ಮೊದಲು ಇತ್ತ ಬನ್ನಿ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಮಾತಾಡದೆ ಕೂರಬೇಕು. ಕಾರ್ಯದರ್ಶಿಗಳೇ, ನಿಮ್ಮಿಂದಲೇ ಶುರು ಮಾಡೋಣ.