ರೇಡಿಯೋ ವಾಲ್ವು ಗಿಟಾರಿಗೆ ಒದಗೀತೇ?

ನಿಮ್ಮ ಮನೆಯ ಅಟ್ಟದ ಮೇಲೆ ಹಿರಿಯರ ಕಾಲದ ರೇಡಿಯೋ ಪೆಟ್ಟಿಗೆಯೊಂದು ಧೂಳು ಹಿಡಿದು ಕುಳಿತಿರಬಹುದು. ಅದರ ಬೆನ್ನು ಬಿಚ್ಚಿದರೆ ಬೆರಳುದ್ದದ ನಾಲ್ಕೈದು ಗಾಜಿನ ವಾಲ್ವುಗಳು ಕಾಣುತ್ತವೆ. ಮನೆಯಲ್ಲಿ ಗಿಟಾರು ನುಡಿಸುವ ಮಗನೋ ಮಗಳೋ ಇದ್ದರೆ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: "ಗಿಟಾರಿನ ಆಂಪ್ಲಿಫೈಯರಿಗೂ ವಾಲ್ವು ಬೇಕಲ್ಲ ಅಪ್ಪಾ, ಇವನ್ನೇ ಹಾಕಬಾರದೇ?" ಥಟ್ಟನೆ ಹೌದೆನ್ನುವುದೂ ತಪ್ಪು, ಅಲ್ಲವೆನ್ನುವುದೂ ತಪ್ಪು. ಸ್ವಲ್ಪ ವಿಚಾರ ಮಾಡೋಣ.

ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಪ್ಲೇಟಿನತ್ತ ಹರಿಯುತ್ತವೆ. ನಡುವಿನ ಗ್ರಿಡ್ಡು ಕೆರೆಯ ತೂಬಿನಂತೆ ಆ ಹರಿವನ್ನು ಹಿಡಿಯುತ್ತದೆ, ಬಿಡುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ೮೨ ಸಲ ಕಂಪಿಸುತ್ತದೆ. ರೇಡಿಯೋದ ಮಧ್ಯದ ಹಂತದ ವಾಲ್ವಾದರೋ ಸೆಕೆಂಡಿಗೆ ಸುಮಾರು ೪,೫೫,೦೦೦ ಕಂಪನಗಳನ್ನು ನಿಭಾಯಿಸುತ್ತಿತ್ತು. ಅಷ್ಟು ಚುರುಕಾದ ವಾಲ್ವಿಗೆ ಈ ನಿಧಾನದ ಕೆಲಸ ಭಾರವಲ್ಲ. ಇಸಿಸಿ ೮೧ ಎಂಬ ವಾಲ್ವು ಹುಟ್ಟಿದ್ದೇ ಎಫ್.ಎಂ. ಮತ್ತು ಟೆಲಿವಿಷನ್ನಿನ ಅತಿ ವೇಗದ ಅಲೆಗಳಿಗಾಗಿ. ಆದರೂ ಅಮೆರಿಕದ ಫೆಂಡರ್ ಕಂಪನಿ ೧೯೬೦ರ ದಶಕದಲ್ಲಿ, ಪ್ರತಿಧ್ವನಿ ಕೊಡುವ ಸ್ಪ್ರಿಂಗುಗಳನ್ನು ಅಲುಗಿಸಲು ಅದನ್ನೇ ನೇಮಿಸಿತು.

ಆದರೆ ಗಿಟಾರಿನ ಸದ್ದು ಮೊಟ್ಟಮೊದಲು ಬಂದು ಸೇರುವ ಜಾಗದಲ್ಲಿ ಅದೇ ಕಂಪನಿ ಇಸಿಸಿ ೮೩ ವಾಲ್ವನ್ನೇ ಇಟ್ಟಿತು. ಅದರ ವರ್ಧನಾಂಕ ೧೦೦, ಇಸಿಸಿ ೮೧ರದು ೬೦. ಎರಡಕ್ಕೂ ಒಂಬತ್ತೇ ಕಾಲು, ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಆದರೆ ಸದ್ದು ತಗ್ಗುತ್ತದೆ, ಸುತ್ತಲಿನ ರೆಸಿಸ್ಟರುಗಳೂ ಸರಿಹೊಂದುವುದಿಲ್ಲ. ಕಾಲು ಹೊಂದಿದರೆ ಗುಣವೂ ಹೊಂದಿತೆಂದು ತಿಳಿಯಬಾರದು.

ಮೊದಲ ಹಂತದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಹುಟ್ಟಿದ ಸಣ್ಣ ಗೊಣಗಾಟವೂ ಮುಂದಿನ ಹಂತಗಳಲ್ಲಿ ನೂರಾರು ಪಟ್ಟು ಬೆಳೆಯುತ್ತದೆ. ವಾಲ್ವು ಅಲುಗಿದಾಗ ಒಳಗಿನ ಗ್ರಿಡ್ಡೂ ನಡುಗಿ ಟಣ್ ಎನ್ನುತ್ತದೆ. ಇದಕ್ಕೆ ಮೈಕ್ರೋಫೋನಿ ಎಂದು ಹೆಸರು. ರೇಡಿಯೋದ ಮಧ್ಯದ ಹಂತದಲ್ಲಿ ಇದರ ಚಿಂತೆ ಕಡಿಮೆ. ಅಲ್ಲಿನ ಕಾಯಿಲುಗಳು ತಮ್ಮ ಅಲೆಯೊಂದನ್ನೇ ಮುಂದಕ್ಕೆ ಬಿಡುತ್ತವೆ, ಟಣ್ ಸದ್ದನ್ನು ಬಿಡುವುದಿಲ್ಲ. ಆದ್ದರಿಂದ ಅಂಥ ವಾಲ್ವನ್ನು ತಯಾರಿಸಿದವರು ಈ ದೋಷದ ಕಡೆಗೆ ಅಷ್ಟು ಗಮನ ಕೊಡಬೇಕಾಗಿರಲಿಲ್ಲ.

ಧ್ವನಿಗಾಗಿಯೇ ಮಾಡಿದ ವಾಲ್ವೂ ಇದರಿಂದ ಪಾರಾಗಲಿಲ್ಲ. ಬ್ರಿಟನ್ನಿನ ವಾಕ್ಸ್ ಕಂಪನಿ ೧೯೫೦ರ ದಶಕದ ಕೊನೆಯಲ್ಲಿ ತನ್ನ ೧೫ ವಾಟಿನ ಆಂಪ್ಲಿಫೈಯರಿನಲ್ಲಿ ಇಎಫ್ ೮೬ ವಾಲ್ವನ್ನು ಬಳಸಿ ಹೆಸರು ಪಡೆಯಿತು. ಅದನ್ನೇ ೩೦ ವಾಟಿನ ಪೆಟ್ಟಿಗೆಯಲ್ಲಿ ಇಟ್ಟಾಗ ಎರಡು ಲೌಡ್‌ಸ್ಪೀಕರುಗಳ ಅದುರಿಗೆ ವಾಲ್ವು ತಾನೇ ಸದ್ದು ಮಾಡತೊಡಗಿತು. ಕೊನೆಗೆ ಕಂಪನಿ ಇಸಿಸಿ ೮೩ರ ಕಡೆಗೆ ತಿರುಗಬೇಕಾಯಿತು.

ಹಾಗಾದರೆ ರೇಡಿಯೋ ವಾಲ್ವಿಗೆ ಸ್ಥಾನವೇ ಇಲ್ಲವೇ? ಇದೆ, ಎರಡನೆಯ ಹಂತದಲ್ಲಿ. ಅನೇಕ ಸೆಟ್ಟುಗಳಲ್ಲಿದ್ದ ಇಎಫ್ ೮೯ನ್ನೇ ನೋಡಿ. ಹತ್ತಿರದ ನಿಲಯ ಅಬ್ಬರಿಸದಂತೆ, ದೂರದ್ದು ಅಡಗಿಹೋಗದಂತೆ, ತನ್ನ ವರ್ಧನೆಯನ್ನು ಮೆಲ್ಲಮೆಲ್ಲನೆ ತಗ್ಗಿಸಿಕೊಳ್ಳುವುದು ಅದರ ಗುಣ. ಗಿಟಾರಿನ ಮೀಟು ಜೋರಾದಾಗ ಇದೇ ಗುಣದಿಂದ ಅಲೆಯ ಒಂದು ಮಗ್ಗುಲು ಉಬ್ಬಿ, ಇನ್ನೊಂದು ತಗ್ಗಿ, ಸ್ವರದ ಜೊತೆಗೆ ಅದರ ತಾರಸ್ಥಾಯಿಯೂ ತುಸು ಕೂಡಿಕೊಳ್ಳುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ನೂಲಿನ ಎಳೆ ಸೇರಿಸಿದಾಗ ನಾದ ತುಂಬಿಕೊಳ್ಳುವುದನ್ನು ನೀವು ಕೇಳಿದ್ದೀರಿ. ಕಾರಣ ಬೇರೆಯಾದರೂ ಕಿವಿಗೆ ಆಗುವ ಸಂತೋಷ ಆ ಬಗೆಯದೇ.

ಪ್ರಯೋಗ ಮಾಡುವವರು ವಾಲ್ವನ್ನು ಲೌಡ್‌ಸ್ಪೀಕರಿನಿಂದ ದೂರ, ಬೇರೆ ಪೆಟ್ಟಿಗೆಯಲ್ಲಿಡಿ. ಚುರುಕಾದ ವಾಲ್ವು ಕಿವಿಗೆ ಕೇಳದ ವೇಗದಲ್ಲಿ ತಾನೇ ಕಂಪಿಸತೊಡಗಬಹುದು. ಗ್ರಿಡ್ಡಿನ ಕಾಲಿಗೆ ಅಂಟಿದಂತೆ ಹತ್ತಿಪ್ಪತ್ತು ಸಾವಿರ ಓಮಿನ ರೆಸಿಸ್ಟರೊಂದನ್ನು ಬೆಸೆದರೆ ಅದು ತಡೆಯುತ್ತದೆ. ಪೆನ್ಸಿಲಿನಿಂದ ಗಾಜನ್ನು ಮೆಲ್ಲಗೆ ತಟ್ಟಿ ನೋಡಿ. ಜೋರಾಗಿ ಟಣ್ ಎಂದರೆ ಆ ವಾಲ್ವನ್ನು ಪಕ್ಕಕ್ಕಿಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ ಹೇಳುತ್ತೇನೆ. ವಾಲ್ವಿನ ಹೆಸರಿನ ಮೊದಲ ಅಕ್ಷರ ನೋಡಿ. 'ಇ' ಇದ್ದರೆ ಅದರ ಹೀಟರಿಗೆ ೬.೩ ವೋಲ್ಟು. 'ಯು' ಇದ್ದರೆ ಅದು ಬಹುಮಟ್ಟಿಗೆ ಟ್ರಾನ್ಸ್‌ಫಾರ್ಮರಿಲ್ಲದ ಎ.ಸಿ.–ಡಿ.ಸಿ. ಸೆಟ್ಟಿನದು. ಅಂಥ ಸೆಟ್ಟಿನ ಚಾಸಿಗೆ ಮನೆಯ ಕರೆಂಟೇ ನೇರವಾಗಿ ಬಂದಿರಬಹುದು. ಗಿಟಾರಿನ ತಂತಿಗಳು ಚಾಸಿಗೇ ಸೇರುವುದರಿಂದ, ನುಡಿಸುವ ಮಗುವಿನ ಬೆರಳು ಕರೆಂಟನ್ನೇ ಮುಟ್ಟಿದಂತಾಗುತ್ತದೆ. ಅಂಥ ಸೆಟ್ಟನ್ನು ಆಂಪ್ಲಿಫೈಯರ್ ಮಾಡುವ ಯೋಚನೆಯನ್ನೇ ಬಿಡಿ. ಉಳಿದವುಗಳಲ್ಲಿಯೂ ೨೫೦ ವೋಲ್ಟಿನವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಅದು ಕಂಡೆನ್ಸರುಗಳಲ್ಲಿ ಉಳಿದಿರುತ್ತದೆ. ತಿಳಿದವರು ಪಕ್ಕದಲ್ಲಿಲ್ಲದೆ ಮಕ್ಕಳು ಕೈಹಾಕಬಾರದು.

ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತ್ತು. ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿಯೂ ಅಲ್ಲಿನದೊಂದು ಇದ್ದರೆ ಆಶ್ಚರ್ಯವಿಲ್ಲ. ಸೆಟ್ಟು ಇನ್ನೂ ಹಾಡುತ್ತಿದ್ದರೆ ಅದನ್ನು ಹಾಡಲು ಬಿಡಿ. ಹಾಡು ನಿಂತುಹೋದ ಸೆಟ್ಟಿನ ವಾಲ್ವನ್ನು ಮಾತ್ರ, ಅದರ ಗುಣವರಿತು, ಗಿಟಾರಿನ ಸೇವೆಗೆ ಕರೆಯಿರಿ.