ಸುಂಕ ಇಳಿದರೆ ಊರಿಗೆ ಏನಾಗುತ್ತದೆ?



2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಲಾಯಿತು. ನೂಲು ಅಗ್ಗವಾಗುವುದೆಂದು ನೇಕಾರರಿಗೆ ಸಮಾಧಾನ. ಗೂಡಿನ ಬೆಲೆ ಕುಸಿಯಿತೆಂದು ರಾಮನಗರದ ಕಡೆಯ ಬೆಳೆಗಾರರಿಗೆ ಸಂಕಟ. ಹಾಗಾದರೆ ಸುಂಕ ಇಳಿಸಿದ್ದರಿಂದ ಆದದ್ದು ಲಾಭವೋ, ನಷ್ಟವೋ? ಇದನ್ನು ಅಳೆಯುವುದಾದರೂ ಹೇಗೆ?

ನಾನು ಓದಿದ್ದು ವಿಜ್ಞಾನ. ಪ್ರಯೋಗಾಲಯದಲ್ಲಿ ಎರಡು ಪ್ರನಾಳಗಳನ್ನಿಟ್ಟು, ಒಂದಕ್ಕೆ ಮಾತ್ರ ಆಮ್ಲ ಹಾಕಿ ವ್ಯತ್ಯಾಸ ನೋಡುತ್ತಿದ್ದೆವು. ದೇಶವನ್ನು ಹಾಗೆ ಪ್ರನಾಳದಲ್ಲಿ ಇಡಲಾದೀತೇ?

ಅಮೆರಿಕದ ಎಂಐಟಿಯಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ನಡೆಸುತ್ತಿದ್ದ ಪೆಟಿಯಾ ಟೊಪಲೋವಾ ಅವರಿಗೆ ದಾರಿ ಕಂಡದ್ದು ನಮ್ಮ ದೇಶದಲ್ಲೇ. 1991ರ ವಿದೇಶಿ ವಿನಿಮಯ ಬಿಕ್ಕಟ್ಟಿನ ಬಳಿಕ ಭಾರತ ಸುಂಕಗಳನ್ನು ಒಮ್ಮೆಲೇ ಇಳಿಸತೊಡಗಿತು. 1990ರಲ್ಲಿ ಶೇಕಡಾ 80ಕ್ಕೂ ಹೆಚ್ಚಿದ್ದ ಸರಾಸರಿ ಸುಂಕ 1996ರ ಹೊತ್ತಿಗೆ ಸುಮಾರು 37ಕ್ಕೆ ಬಂತು. ಆದರೆ ಎಲ್ಲ ಸರಕುಗಳ ಸುಂಕವೂ ಸಮನಾಗಿ ಇಳಿಯಲಿಲ್ಲ. ಎಲ್ಲ ಜಿಲ್ಲೆಗಳ ಜನರ ಕಸುಬೂ ಒಂದೇ ಅಲ್ಲ. ಈ ವ್ಯತ್ಯಾಸವೇ ಅವರ ಪ್ರಯೋಗಾಲಯವಾಯಿತು.

ಜಿಲ್ಲೆಯಲ್ಲಿ ಎಷ್ಟು ಮಂದಿ ಯಾವ ಉದ್ಯೋಗದಲ್ಲಿದ್ದಾರೆಂಬುದನ್ನು ಜನಗಣತಿಯಿಂದ ತೆಗೆದು, ಆಯಾ ಉದ್ಯೋಗದ ಸುಂಕ ಎಷ್ಟು ಇಳಿಯಿತೆಂಬುದರ ಜೊತೆ ಲೆಕ್ಕ ಹಾಕಿದರು. ಜಿಲ್ಲೆಯ ಬಡತನವನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆಖರ್ಚಿನ ಅಂಕಿಗಳಿಂದ ತಿಳಿದುಕೊಂಡರು.

ಉತ್ತರವೇನು? ದೇಶದಲ್ಲಿ ಬಡತನ ಇಳಿಯುತ್ತಿತ್ತು, ನಿಜ. ಆದರೆ ಸುಂಕದ ಇಳಿಕೆ ಹೆಚ್ಚು ತಟ್ಟಿದ ಜಿಲ್ಲೆಗಳ ಹಳ್ಳಿಗಳಲ್ಲಿ ಅದು ಉಳಿದೆಡೆಗಿಂತ ನಿಧಾನವಾಗಿ ಇಳಿದಿತ್ತು.

ಇಲ್ಲಿ ನೀವು ಕೇಳಬಹುದು: ಒಂದೆಡೆ ಕೆಲಸ ಕುಗ್ಗಿದರೆ ಇನ್ನೊಂದೆಡೆ ಹೋಗಬಾರದೇ? ಪಠ್ಯಪುಸ್ತಕ ಹೇಳುವುದೂ ಅದನ್ನೇ. ಆದರೆ ಕೆಲಸ ಹುಡುಕಿ ಜಿಲ್ಲೆ ಬಿಟ್ಟವರು ತೀರ ಕಡಿಮೆ ಎಂದು ಅಂಕಿಗಳು ತೋರಿಸಿದವು. ಹೊಲ, ಮನೆ, ಸಾಲ, ಕೈಗೆ ಹತ್ತಿದ ಕಸುಬು, ಇವನ್ನು ಬಿಟ್ಟು ಹೊರಡುವುದು ಸುಲಭವೇ?

ಒಂದು ಎಚ್ಚರಿಕೆ. ಈ ಅಧ್ಯಯನ ಜಿಲ್ಲೆಯನ್ನು ಜಿಲ್ಲೆಯೊಡನೆ ಹೋಲಿಸುತ್ತದೆ. ಆದ್ದರಿಂದ ಮುಕ್ತ ವ್ಯಾಪಾರದಿಂದ ಇಡೀ ದೇಶಕ್ಕೇ ಕೇಡಾಯಿತೆಂದು ಇದರಿಂದ ಹೇಳಲಾಗದು. ದೇಶದ ಸರಾಸರಿ ಸುಧಾರಿಸುವಾಗಲೂ ಕೆಲವು ಊರುಗಳು ಹಿಂದೆ ಬೀಳಬಹುದು ಎಂಬುದಷ್ಟೇ ಇದರ ಪಾಠ. ಅಂಥ ಊರುಗಳು ಯಾವುವೆಂದು ತಿಳಿದರೆ ತಾನೇ ಅಲ್ಲಿಗೆ ನೆರವು ತಲುಪುವುದು?

ಮುಂದಿನ ಬಜೆಟ್ಟಿನ ದಿನ ಸುಂಕದ ಸುದ್ದಿ ಬಂದಾಗ ಸರಕಿನ ಬೆಲೆಯನ್ನಷ್ಟೇ ನೋಡಬೇಡಿ. ಅದನ್ನು ತಯಾರಿಸುವವರು ನಿಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಎಂದು ಹುಡುಕಿ ನೋಡಿ. ಒಳ್ಳೆಯ ಸಂಶೋಧನೆಗಳು ಎಷ್ಟೋ ಸಲ ಇಂಥ ಸಣ್ಣ ಪ್ರಶ್ನೆಯಿಂದಲೇ ಶುರುವಾಗಿವೆ.